ಎಡಗಾಲಿನ ಪೆಡಲು

ಅಂಬತ್ತೂರು, ಚೆನ್ನೈ
ಬುಧವಾರ, ೮-೧೦-೨೦೦೩

ನನ್ನ ಮುದ್ದು ಬಾಯಿಬಡುಕಿ ಮೌನಳಿಗೆ,

ಅಮ್ಮನ ಆಶೀರ್ವಾದ. ಅಪ್ಪನದೂ ಸೇರಿಸಿಕೋ, ಕೇಳಿಕೊಂಡೇ ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ನನ್ನ ದನಿ ಯಾಕೆ ಹಾಗೆ ಕುಣಿಯುತ್ತಿದೆ ಎಂದು ನೀನು ಕೇಳಿದೆ, ನಾನು ಏನೂ ಇಲ್ಲ ಎಂದೆ. ಹೇಗೆ ಹೇಳಲಿ? ನಿನ್ನ ಅಪ್ಪ ಪಕ್ಕದಲ್ಲೇ ಪೇಪರು ಹಿಡಿದು ಕೂತಿದ್ದರು, ಅಷ್ಟು ಹೊತ್ತಾದರೂ ಒಂದು ಹಾಳೆ ಮಗುಚಿರಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ, ಆಫೀಸಿನಲ್ಲಿ ಕದ್ದು ಓದಬೇಡ, ರೂಮಿಗೆ ಹೋಗಿ ಕಾಫಿ ಮಾಡಿಕೊಂಡು ಓದು.

ವರುಣ್ ಜೊತೆ ನಿನ್ನ ಮದುವೆ ಗೊತ್ತಾದಾಗಿನಿಂದ ನಮ್ಮಿಬ್ಬರ ಗಂಟಲಲ್ಲೂ ಒಂದೇ ಮುಳ್ಳು ಸಿಕ್ಕಿಕೊಂಡಿತ್ತಲ್ಲ. ಪಾಡಿ ಹತ್ತಿರ ಸ್ಕೂಟರಿನಿಂದ ಬಿದ್ದ ಮೇಲೆ ಅಪ್ಪನ ಬಲಗಾಲಿನ ಮಂಡಿ ಮಡಚುವುದಿಲ್ಲ, ಅದನ್ನು ನಾವು ಒಪ್ಪಿಕೊಂಡೆವು. ಫ್ಯಾಕ್ಟರಿ ಕೆಲಸ ಬಿಟ್ಟರು, ಅದನ್ನೂ ಒಪ್ಪಿಕೊಂಡೆವು. ಆದರೆ ಆ ಮನುಷ್ಯ ಗೇಟು ದಾಟುವುದನ್ನೇ ಬಿಟ್ಟರು. ಬೀದಿಯವರ ಮಿಕ್ಸಿ, ಫ್ಯಾನು, ಹೊಲಿಗೆ ಮಿಷನ್ನು ಎಲ್ಲ ಇವರಿದ್ದಲ್ಲಿಗೇ ಬಂದು ರಿಪೇರಿಯಾಗಿ ಹೋಗುತ್ತವೆ. ಇವರು ಮಾತ್ರ ಹಿತ್ತಲ ಜಗುಲಿ ಬಿಟ್ಟು ಇಳಿಯುವುದಿಲ್ಲ. ನಿನ್ನ ಮದುವೆಯ ಮಾತಿಗೂ ಅದೇ ಹಟ. ಧಾರೆಯನ್ನು ಚಿಕ್ಕಪ್ಪ, ಚಿಕ್ಕಮ್ಮ ಎರೆದುಕೊಡಲಿ, ನಾನು ಕುಂಟುತ್ತಾ ಮಂಟಪ ಹತ್ತುವುದನ್ನು ಊರೆಲ್ಲ ನೋಡಬೇಕಾಗಿಲ್ಲ ಎಂದುಬಿಟ್ಟರು. ನೀನು ಫೋನಿನಲ್ಲಿ ಅತ್ತೆ. ನಾನು ನಿನ್ನ ಮುಂದೆ ಅಳಲಿಲ್ಲ, ಅಷ್ಟೇ. ಅವರು ನಿಲ್ಲದಿದ್ದರೆ ನಾನೂ ನಿಲ್ಲುವ ಹಾಗಿಲ್ಲವಲ್ಲ. ಹೆತ್ತ ಮಗಳ ಕೈಮೇಲೆ ಬೇರೆಯವರು ನೀರು ಬಿಡುವುದನ್ನು ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಬೇಕಿತ್ತು.

ಈಗ ಹುಲ್ಲಿನ ವಿಷಯಕ್ಕೆ ಬರುತ್ತೇನೆ. ನಗಬೇಡ, ಎಲ್ಲ ಅಲ್ಲಿಂದಲೇ ಶುರುವಾಗಿದ್ದು.

ನಮ್ಮ ಹಿತ್ತಲಿಗೆ ಅಂಟಿಕೊಂಡಿರುವ ಕನ್ನಡ ಕೂಟದ ಬಯಲು ನಿನಗೆ ಗೊತ್ತು. ಒಂದು ಕಾಲಕ್ಕೆ ಅದು ಭತ್ತದ ಗದ್ದೆ. ಗದ್ದೆ ಹೋಗಿ ಯಾವ ಕಾಲವಾಯಿತೋ, ಬದುಗಳು ಮಾತ್ರ ಹುಲ್ಲಿನ ಕೆಳಗೆ ಹಾಗೇ ಇವೆ. ಕತ್ತಲಲ್ಲಿ ನಡೆದವರ ಕಾಲು ಉಳುಕುವುದು ಗ್ಯಾರಂಟಿ. ಒಂದು ಕಡೆ ಕೆರೆಯತ್ತ ಇಳಿಜಾರು. ಆ ಇಳಿಜಾರಿನ ನಡುವೆ ಒಂದು ಹುತ್ತ, ಶುಕ್ರವಾರ ಬೀದಿಯ ಹೆಂಗಸರೆಲ್ಲ ಬಂದು ಹಾಲೆರೆಯುತ್ತಾರೆ, ಅದನ್ನು ಮುಟ್ಟುವಂತಿಲ್ಲ. ಇಷ್ಟು ದಿನ ಹಾಲಿನವನ ಎಮ್ಮೆಗಳು ಮೇಯ್ದು ಬಯಲನ್ನು ಚೊಕ್ಕಟವಾಗಿ ಇಟ್ಟಿದ್ದವು. ಅವನು ಎಮ್ಮೆಗಳನ್ನು ಮಾರಿ ತಿರುವಳ್ಳೂರಿಗೆ ಹೋದ. ಎರಡು ಮಳೆ ಬಿತ್ತು ನೋಡು, ಹುಲ್ಲು ಮೊಣಕಾಲು ಮುಟ್ಟಿತು. ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಹಾವೂ ಬಂತು. ರಾಜ್ಯೋತ್ಸವಕ್ಕೆ ಮಕ್ಕಳ ಆಟೋಟ ಅಲ್ಲೇ ಆಗಬೇಕು. ಅದಕ್ಕೆ ಕೂಟದವರು, ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ಕೊಳ್ಳುವುದೆಂದು ತೀರ್ಮಾನಿಸಿದರು. ಆರಿಸುವ ಕೆಲಸ ಮೂವರಿಗೆ: ಅಧ್ಯಕ್ಷರಾದ ಪದ್ಮನಾಭ ರಾಯರು, ಕಾರ್ಯದರ್ಶಿ ತೇಜಸ್, ಮತ್ತೆ ನಾನು. ಹಾವು ಕಂಡು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ ಆದ್ದರಿಂದ ನನ್ನನ್ನು ಬಿಡುವಂತಿರಲಿಲ್ಲ.

ಗಿಂಡಿ ಬಡಾವಣೆಯ ಯಂತ್ರದ ಅಂಗಡಿಯಲ್ಲಿ ಮೊದಲ ಗಾಡಿ ನೋಡಿದ ಕ್ಷಣ ನನ್ನ ತಲೆಯಲ್ಲಿ ಏನೋ ಹೊತ್ತಿಕೊಂಡಿತು. ಕೂತು ಓಡಿಸುವುದು. ನಡೆಯಬೇಕಾಗಿಲ್ಲ. ಎಂಜಿನ್ನಿನ ಸದ್ದು ಕೇಳಿದರೆ ಊಟದ ಎಲೆ ಬಿಟ್ಟು ಏಳುವ ಮನುಷ್ಯ ನಮ್ಮ ಮನೆಯಲ್ಲಿದ್ದಾರೆ. ಇವರನ್ನು ಹೇಗಾದರೂ ಇದರ ಮೇಲೆ ಕೂರಿಸಿದರೆ ಜಗುಲಿ ಇಳಿದಂತಾಯಿತು. ಇವತ್ತು ಬಯಲಿಗೆ ಇಳಿದವರು ನಾಳೆ ಮಂಟಪ ಹತ್ತುವುದಿಲ್ಲವೇ? ಆಮೇಲೆ ತೇಜಸ್ ಹಾರ್ಸ್ ಪವರು, ಬ್ಲೇಡಿನ ಅಗಲ ಅಂತ ಹೇಳಿದ್ದು ಒಂದೂ ನನ್ನ ಕಿವಿಗೆ ಬೀಳಲಿಲ್ಲ. ನನಗೆ ಬೇಕಾಗಿದ್ದು ಒಂದೇ, ಬಲಗಾಲು ಮಡಚದೆ ಓಡಿಸಬಹುದಾದ ಗಾಡಿ.

ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಕೂಟದವರು ಅಪ್ಪನ ಮೇಲೆ ಕನಿಕರ ತೋರಿಸುತ್ತಾರೆ. ಅಪ್ಪನ ಕಿವಿಗೆ ಬಿದ್ದರಂತೂ ಮುಗಿಯಿತು, ಜಗುಲಿಯಿಂದಲೂ ಎದ್ದು ಒಳಗೆ ಹೋಗಿಬಿಡುತ್ತಾರೆ. ಹಾಗಾಗಿ ಸೀರೆ ನೆರಿಗೆ ಎತ್ತಿ ಹಿಡಿದು ಅಂಗಡಿಯಲ್ಲಿದ್ದ ಒಂದೊಂದು ಗಾಡಿಯ ಮೇಲೂ ನಾನೇ ಹತ್ತಿದೆ. ಬಲಗಾಲನ್ನು ಕೋಲಿನ ಹಾಗೆ ಮುಂದಕ್ಕೆ ಚಾಚಿ, ಎಡಗಾಲಲ್ಲಿ ಮಾತ್ರ ಏನೇನು ಸಿಗುತ್ತದೆ ಎಂದು ತಡಕಾಡಿದೆ. ಅಂಗಡಿಯವನು ಪಾಪ, ಮುಟ್ಟಿ ವಲಿಯಾಮ್ಮಾ ಎಂದು ಮಂಡಿನೋವಿನ ಬಗ್ಗೆ ವಿಚಾರಿಸಿದ. ಆಮಾಂಪ್ಪಾ, ತುಂಬಾ ವಲಿ ಎಂದು ನನ್ನ ಅರೆಬರೆ ತಮಿಳಿನಲ್ಲಿ ನರಳಿದೆ. ಮಜ್ಜಿಗೆ ತರಿಸಿಕೊಟ್ಟ.

ಕೊಳ್ಳುವ ಮೊದಲು ಬಯಲಿನಲ್ಲೇ ಓಡಿಸಿ ತೋರಿಸಬೇಕೆಂದು ನಾನು ಪಟ್ಟು ಹಿಡಿದೆ. ರಾಯರ ಆಯ್ಕೆ ಮೊದಲು ಬಂತು. ಅಗಲವಾದ, ಭಾರೀ ಗಾಡಿ, ಹಿಂದೆ ಯಾವುದೋ ಗಾಲ್ಫ್ ಮೈದಾನದಲ್ಲಿ ಇತ್ತಂತೆ. ಮೊದಲನೇ ಬದು ಹತ್ತುವಾಗಲೇ ಅದರ ಹೊಟ್ಟೆ ಮಣ್ಣಿಗೆ ಕೂತಿತು, ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗತೊಡಗಿದವು. ಎಲ್ಲರೂ ಸೇರಿ ಎತ್ತಿ ಇಳಿಸಬೇಕಾಯಿತು. ಮಾರನೆಯ ದಿನ ತೇಜಸ್ ಆರಿಸಿದ್ದು ಬಂತು. ಅದಕ್ಕೆ ಸ್ಟಿಯರಿಂಗೇ ಇಲ್ಲ, ಎರಡು ಕೈಗೆ ಎರಡು ಲಿವರು, ನಿಂತಲ್ಲೇ ಬುಗುರಿಯ ಹಾಗೆ ಸುತ್ತುತ್ತದೆ. ಸಮನೆಲದಲ್ಲಿ ಎಲ್ಲರೂ ಬೆರಗಾದೆವು. ಕೆರೆಯ ಕಡೆಯ ಇಳಿಜಾರಿಗೆ ಅಡ್ಡ ತಿರುಗಿದ್ದೇ ತಡ, ಗಾಡಿ ತೇಜಸ್ ಸಮೇತ ಜಾರಿಕೊಂಡು ಹುತ್ತದ ಕಡೆ ಹೊರಟಿತು. ಅವತ್ತು ಶುಕ್ರವಾರ ಬೇರೆ. ಹಾಲಿನ ಚೊಂಬು ಹಿಡಿದ ಹೆಂಗಸರು ಬೈದ ತಮಿಳು ಅವನಿಗೆ ಪೂರ್ತಿ ಅರ್ಥವಾಗದೆ ಇದ್ದದ್ದು ಒಳ್ಳೆಯದಾಯಿತು.

ನಿನ್ನ ಅಪ್ಪ ಇದೆಲ್ಲವನ್ನೂ ಜಗುಲಿಯಿಂದ ನೋಡುತ್ತಿದ್ದರು. ಅಡುಗೆಮನೆ ಕಿಟಕಿಯಿಂದ ನನಗೆ ಅವರ ಗೊಣಗಾಟ ಕೇಳುತ್ತಿತ್ತು. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಓಡಿಸಬೇಕು, ಅಡ್ಡಡ್ಡ ಓಡಿಸುತ್ತಾರೇನು, ಇಂಜಿನಿಯರುಗಳಂತೆ, ಯಾರು ಪಾಸು ಮಾಡಿದರೋ. ಹೋಗಿ ಹೇಳಬಾರದೇ ಎಂದೆ. ಪೇಪರು ಮುಖಕ್ಕೆ ಅಡ್ಡ ಹಿಡಿದರು.

ನಾನು ಆರಿಸಿದ್ದು ಎಲ್ಲಕ್ಕಿಂತ ಚಿಕ್ಕದು, ಕೆಂಪು ಬಣ್ಣದ್ದು. ರಾಯರು ಆಟದ ಸಾಮಾನು ಎಂದು ನಕ್ಕರು. ನಾನು ಬಿಡಲಿಲ್ಲ. ಚಕ್ರ ಎತ್ತರವಿದೆ, ಹೊಟ್ಟೆ ತಾಗುವುದಿಲ್ಲ. ಬದು ಬಂದಾಗ ಕೈಯಲ್ಲೇ ಲಿವರು ಎಳೆದು ಬ್ಲೇಡನ್ನು ಮೇಲೆತ್ತಬಹುದು. ಹುತ್ತದ ಸುತ್ತ ಹತ್ತಿರದಲ್ಲೇ ತಿರುಗುತ್ತದೆ. ನಿಧಾನ, ಆದರೆ ಜಾರುವುದಿಲ್ಲ. ವಿಮೆ ಆಫೀಸಿನಲ್ಲಿ ಇಷ್ಟು ವರ್ಷ ಜನರಿಗೆ ಉತ್ತರ ಹೇಳಿದ ಬಾಯಿ, ಸುಮ್ಮನೆ ಹೋಗುತ್ತದೆಯೇ? ಹೇಳಿದ್ದೆಲ್ಲ ನಿಜವೇ, ಓಡಿಸಿ ನೋಡಿದಾಗ ಅವರೂ ಒಪ್ಪಿದರು. ಹೇಳದೆ ಉಳಿಸಿಕೊಂಡದ್ದು ಒಂದನ್ನೇ. ಆ ಗಾಡಿಗೆ ವೇಗದ ಗೇರು ಕೈಯಲ್ಲಿ. ಪೆಡಲು ಇರುವುದು ಒಂದೇ ಒಂದು, ಅದು ಎಡಗಾಲಿಗೆ. ಬಲಗಾಲಿಗೆ ಆರಾಮವಾಗಿ ಚಾಚಿಕೊಳ್ಳುವುದು ಬಿಟ್ಟು ಬೇರೆ ಕೆಲಸವೇ ಇಲ್ಲ.

ಮೊನ್ನೆ ಭಾನುವಾರ ವಿಜಯದಶಮಿಗೆ ಗಾಡಿಯ ಪೂಜೆ. ಮುಂದೆ ಎರಡು ಬಾಳೆಕಂದು ಕಟ್ಟಿ, ಮಾಲೆ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಅಪ್ಪನನ್ನು ಎಷ್ಟು ಕರೆದರೂ ಬರಲಿಲ್ಲ, ಇಲ್ಲಿಂದಲೇ ಕಾಣುತ್ತೆ ಹೋಗು ಎಂದರು. ಬೂದುಗುಂಬಳಕಾಯಿಯೊಳಗೆ ಕುಂಕುಮದ ನೀರು, ಚಿಲ್ಲರೆ ಕಾಸು ತುಂಬಿ, ದೃಷ್ಟಿ ನಿವಾಳಿಸಿ, ಗಾಡಿಯ ಮುಂದೆಯೇ ಒಡೆದರು. ರಸ್ತೆಯಲ್ಲಾದರೆ ಮಕ್ಕಳು ಬಿದ್ದು ಕಾಸು ಆಯ್ದುಕೊಳ್ಳುತ್ತಾರೆ. ಇಲ್ಲಿ ಒಡೆದದ್ದು ಮೊಣಕಾಲುದ್ದದ ಹುಲ್ಲಿನಲ್ಲಿ. ಬ್ಲೇಡು ತಿರುಗುವ ಗಾಡಿಯ ಮುಂದೆ ಕಾಸು ಚೆಲ್ಲಬಾರದು ಎಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಕೂಟದಲ್ಲಿ ಯಾರ ಮೇಲೆ ಕಲ್ಲೆಸೆದರೂ ಅದು ಇಂಜಿನಿಯರಿಗೇ ತಾಗುತ್ತದೆ, ನಿನಗೆ ಗೊತ್ತಲ್ಲ.

ರಾಯರು ಹತ್ತಿ ಕೂತು ಕೀಲಿ ತಿರುಗಿಸಿದರು. ಚಪ್ಪಾಳೆ ಆಯಿತು, ಫೋಟೋ ಆಯಿತು, ಗಾಡಿ ಹೊರಟಿತು. ನಾಲ್ಕು ಮಾರು ಹೋಗಿರಲಿಲ್ಲ, ಢಣ್ ಎಂದು ಸದ್ದು. ಒಂದು ಕಾಸು ಸಿಡಿದು ಹೋಗಿ ಕಾಫಿಯ ದೊಡ್ಡ ಪಾತ್ರೆಗೆ ಬಡಿಯಿತು, ಅದರ ಹೊಟ್ಟೆ ನೆಗ್ಗಿತು. ಗಾಡಿ ಗಡಗಡ ನಡುಗಿ ಅಲ್ಲೇ ನಿಂತಿತು. ಎಲ್ಲರೂ ಕಂಗಾಲಾಗಿ ನಿಂತಿದ್ದಾಗ ಹಿಂದಿನಿಂದ ಆಫ್ ಮಾಡಿ, ಯಾರೂ ಹತ್ತಿರ ಹೋಗಬೇಡಿ ಎಂಬ ಕೂಗು. ತಿರುಗಿ ನೋಡಿದರೆ ನಿನ್ನ ಅಪ್ಪ. ಮೌನಾ, ಕೈಯಲ್ಲಿ ಊರುಗೋಲೂ ಇಲ್ಲ. ಹಿತ್ತಲ ಬಾಗಿಲು ತಳ್ಳಿ, ಆ ಬಲಗಾಲನ್ನು ಬೀಸಿ ಬೀಸಿ ಇಡುತ್ತಾ, ಒಂದಾದ ಮೇಲೊಂದು ಬದು ದಾಟಿಕೊಂಡು ಬರುತ್ತಿದ್ದಾರೆ. ಎಲ್ಲರೂ ನೋಡುತ್ತಿದ್ದಾರೆ ಎನ್ನುವ ಪರಿವೆಯೇ ಇಲ್ಲ. ಯಂತ್ರ ನರಳಿದರೆ ಆ ಮನುಷ್ಯನಿಗೆ ತಡೆಯುವುದಿಲ್ಲ.

ಬಾಗಿದ ಬ್ಲೇಡನ್ನು ಬಿಚ್ಚಿ ಮನೆಗೆ ತಂದು, ಸೋಮವಾರ ಪೂರ್ತಿ ವೈಸಿನ ಇಕ್ಕಳಕ್ಕೆ ಕಚ್ಚಿಸಿ ತಟ್ಟಿ, ಅರದಿಂದ ಉಜ್ಜಿ ಸರಿಮಾಡಿದರು. ನಿನ್ನೆ ಬೆಳಿಗ್ಗೆ ಮಕ್ಕಳಿಂದ ಉಳಿದ ಕಾಸನ್ನೆಲ್ಲ ಹುಡುಕಿಸಿ ತೆಗೆಸಿ, ತಾವೇ ಬ್ಲೇಡು ಜೋಡಿಸಿ, ಗಾಡಿ ಹತ್ತಿದರು. ಎಡಗಾಲಿಟ್ಟು ಪೆಡಲು ಒತ್ತಿ ನೋಡಿದರು. ಬಲಗಾಲಿಗೆ ಏನಿದೆ ಎಂದು ಬಗ್ಗಿ ಹುಡುಕಿದರು, ಏನೂ ಸಿಗಲಿಲ್ಲ. ಆಮೇಲೆ ತಲೆಯೆತ್ತಿ ನನ್ನನ್ನು ಸುಮಾರು ಹೊತ್ತು ನೋಡಿದರು. ನಾನು ಬಾಳೆಕಂದಿನ ದಾರ ಬಿಚ್ಚುವುದರಲ್ಲಿ ತುಂಬಾ ಮಗ್ನಳಾಗಿದ್ದೆ. ಊಟದ ಹೊತ್ತಿಗೆ ಬಯಲು ಅರ್ಧ ಮುಗಿದಿತ್ತು. ಬದುಗಳೆಲ್ಲ ಈಗ ಎದ್ದು ಕಾಣುತ್ತಿವೆ, ನೋಡಲು ಎಷ್ಟು ಚೆಂದ ಗೊತ್ತೇ.

ರಾತ್ರಿ ಊಟಕ್ಕೆ ಕೂತಾಗ, ಸಾರು ಬಡಿಸಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದರು: “ಧಾರೆ ಹೇಗಿದ್ರೂ ನಿಂತ್ಕೊಂಡೇ ತಾನೇ ಎರೆಯೋದು? ನಿಂತ್ಕೊಳ್ಳೋಕೆ ನಂಗೇನಾಗಿದೆ. ತಮ್ಮನಿಗೆ ಹೇಳು, ಸುಮ್ನೆ ಬಂದು ಊಟ ಮಾಡ್ಕೊಂಡು ಹೋಗಲಿ.”

ನಾನು ಉಪ್ಪಿನಕಾಯಿ ತರುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಅತ್ತು ಬಂದೆ. ಸಂತೋಷಕ್ಕೆ ಕಣೇ. ನೀನೂ ಅಳು ಪರವಾಗಿಲ್ಲ, ಆದರೆ ಆಮೇಲೆ ಮುಖ ತೊಳೆದುಕೊಂಡು ಚಿಕ್ಕಮ್ಮನಿಗೆ ಫೋನು ಮಾಡು, ಮೆತ್ತಗೆ ಹೇಳು, ಅವಳು ಧಾರೆಗೆಂದು ಹೊಸ ರೇಷ್ಮೆ ಸೀರೆ ತೆಗೆದಿದ್ದಾಳೆ. ಮಂಟಪಕ್ಕೆ ಮೆಟ್ಟಿಲು ಎಷ್ಟು, ಪಕ್ಕಕ್ಕೆ ಕಂಬಿ ಇದೆಯೇ ಎಂದು ಅಪ್ಪ ಕೇಳುತ್ತಿದ್ದಾರೆ. ಛತ್ರಕ್ಕೆ ಹೋಗಿ ನೋಡಿಕೊಂಡು ಬಾ.

ಧಾರೆಗೆ ನಿಲ್ಲಲಿರುವ ಸಂಭ್ರಮದಲ್ಲಿ,
ನಿನ್ನ ಅಮ್ಮ
ಚಂದ್ರಮತಿ

ತಾ.ಕ.: ನನ್ನ ಪತ್ರ ಬಂದಾಗಲೆಲ್ಲ ವರುಣನ ತಾಯಿ ನಿನ್ನಿಂದ ಓದಿಸಿ ಕೇಳುತ್ತಾರಲ್ಲ, ಮೇಲಿನದನ್ನು ಎಂದಿನಂತೆ ಓದಿ ಹೇಳು. ಈ ಹಾಳೆ ಮಾತ್ರ ನಿನಗೆ. ರಾಯರು ಕೀಲಿ ತಿರುಗಿಸಿ ಫೋಟೋ ತೆಗೆಸಿಕೊಂಡಿದ್ದು ನಿಜ. ಆದರೆ ಆಮೇಲೆ ಹೆದರಿ ಇಳಿದುಬಿಟ್ಟರು, ಆರಿಸಿದವರೇ ಓಡಿಸಲಿ ಎಂದರು. ಢಣ್ ಎಂದಾಗ ಮೇಲೆ ಕೂತಿದ್ದವಳು ನಾನು. ಬೀಗರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಎಂದು ಬರೆಯಲಿಲ್ಲ. ಒಡೆದ ಕುಂಬಳಕಾಯಿಯ ಕುಂಕುಮದ ನೀರೆಲ್ಲ ಬ್ಲೇಡಿಗೆ ಸಿಕ್ಕಿ ಸಿಡಿದು ನನ್ನ ಪಾದ, ಸೀರೆಯ ಅಂಚು ಕೆಂಪಾಗಿತ್ತು. ದೂರದಿಂದ ನೋಡಿದವರಿಗೆ ಅದು ಕುಂಕುಮ ಎಂದು ಹೇಗೆ ಗೊತ್ತಾಗಬೇಕು? ನಿನ್ನ ಅಪ್ಪ ಬಂದವರು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಬಲಗಾಲು ಚಾಚಿ ಹುಲ್ಲಿನಲ್ಲೇ ಧೊಪ್ಪನೆ ಕೂತು, ಕೂಟದವರೆಲ್ಲರ ಎದುರಿಗೆ ನನ್ನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಂಚೆಯ ತುದಿಯಿಂದ ಒರೆಸಿ ಒರೆಸಿ ಒಂದೊಂದು ಬೆರಳನ್ನೂ ಒತ್ತಿ ನೋಡಿದರು. ಕುಂಕುಮ ರೀ, ರಕ್ತ ಅಲ್ಲ ಎಂದರೂ ಕೇಳಲಿಲ್ಲ. ಎಲ್ಲ ಬೆರಳೂ ನೋಡಿ ಮುಗಿದ ಮೇಲೆ, “ನೀನಿನ್ನು ಇದನ್ನ ಹತ್ಬೇಡ, ನಾನೇ ಓಡಿಸ್ತೀನಿ” ಎಂದರು. ಅವರನ್ನು ಮತ್ತೆ ಎಬ್ಬಿಸಲು ಮೂರು ಜನ ಬೇಕಾಯಿತು, ಎಲ್ಲರೂ ನಕ್ಕರು, ಅವರೂ ನಕ್ಕರು. ಆ ಪಂಚೆಯ ಕಲೆ ಇನ್ನೂ ಹೋಗಿಲ್ಲ. ನಾನೂ ಹೆಚ್ಚು ಉಜ್ಜಲಿಲ್ಲ.