ತಪ್ಪು ಸೇತುವೆ

ಮಾರ್ಚ್ ೧೨, ಬುಧವಾರ. ಗೆಳತಿಯ ಮನೆ, ನಾಲ್ಕನೆಯ ಮಹಡಿ.

ಅಣ್ಣಾ,

ಐವತ್ತೆರಡನೆಯ ವಯಸ್ಸಿನಲ್ಲಿ ಓಡಿದರೆ ಜನ ನಗುತ್ತಾರೆ ಎಂದಿದ್ದೆಯಲ್ಲ, ನಕ್ಕರು. ಈ ಬೆಳಿಗ್ಗೆ ಗೆಳತಿಯ ಜೊತೆ ಓಡುತ್ತಲೇ ಊರು ನೋಡುವಾಗ, ಗಡಿಯಾರದ ಗೋಪುರದತ್ತ ಕತ್ತೆತ್ತಿದವಳು ಅವಳನ್ನು ಕಳೆದುಕೊಂಡು ತಪ್ಪು ಸೇತುವೆ ದಾಟಿದೆ. ಸೇತುವೆಯಾಚೆಯ ವಸ್ತುಸಂಗ್ರಹಾಲಯದ ಕಾವಲುಗಾರ, "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ ಅಮ್ಮಾ?" ಎಂದು ನಕ್ಕ.

"ಇಲ್ಲಪ್ಪ, ತಡೆಯೋರು ನಮ್ಮೂರಲ್ಲೇ ಉಳಿದ್ರು" ಎಂದೆ.

ಮನೆ ಮುಟ್ಟಿದಾಗ ಒಂಬತ್ತು ಕಿಲೋಮೀಟರ್ ಆಗಿತ್ತು. "ಊರು ನೋಡು ಅಂದ್ರೆ ಊರೆಲ್ಲ ಸುತ್ತಿ ಬಂದ್ಯಲ್ಲೇ!" ಎಂದು ಗೆಳತಿ ಬೈದಳು. ಕೆಟ್ಟುಹೋಗುತ್ತೆ ಎಂದು ನೀನು ಹೆದರಿಸುತ್ತಿದ್ದ ಮೊಣಕಾಲಿಗೆ ಏನೂ ಆಗಿಲ್ಲ.

ನಾನು ಊರಿಗೆ ವಾಪಸ್ ಬರಲು ಶನಿವಾರಕ್ಕೆ ನೀನು ಟಿಕೆಟ್ ಮಾಡಿಸಿದ್ದೀಯ. ಭಾನುವಾರ ಇಲ್ಲಿ ಹತ್ತು ಕಿಲೋಮೀಟರ್ ಓಟವಿದೆ. ನನ್ನ ಹೊಲಿಗೆ ಅಂಗಡಿಗೆ ಬಟ್ಟೆ ಕೇಳಿಕೊಂಡು ಬಂದವರಿಗೆ ಮಂಗಳವಾರ ಬರಲು ಹೇಳು. ಯಾಕೆಂದು ಕೇಳಿದರೆ, ಓಟಕ್ಕೆ ನಿಂತಿದ್ದಾಳೆ ಎನ್ನು.

ಟಿಕೆಟನ್ನು ನಾಳೆ ರದ್ದು ಮಾಡಿಸುತ್ತೇನೆ.

ನಿನ್ನ ತಂಗಿ