ಹೆಸರೆತ್ತಬಾರದ ಗಾಳಿ

ಕಕ್ಕಿಂಜೆ
13-10-2025, ಸೋಮವಾರ

ಮಗಳಂತಿರುವ ಸುಪ್ರೀತಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು. ಪುಟ್ಟ ತೃಷಾಳಿಗೆ ಅಜ್ಜಿಯ ಮುದ್ದು.

ಇವತ್ತು ನನಗೆ ಒಪ್ಪತ್ತು. ಬಚ್ಚಲೊಲೆಗೆ ಬೆಂಕಿ ಹಾಕಿ, ಹಾಲು ಕರೆದು ಸೊಸೈಟಿಗೆ ಕೊಟ್ಟು, ತುಳಸಿಗೆ ನೀರು ಹಾಕಿ ಈಗ ಚಾವಡಿಯಲ್ಲಿ ಕುಳಿತಿದ್ದೇನೆ. ನಿನ್ನ ಮಾವ ರಬ್ಬರ್ ಗುಡ್ಡೆಯಲ್ಲಿದ್ದಾರೆ. ಈಗ ಟ್ಯಾಪಿಂಗಿಗೆ ಅವರೇ ಹೋಗುವುದು.

ಬರೆಯಲು ಇಷ್ಟು ತಡವಾಯಿತೆಂದು ಬೇಸರ ಮಾಡಬೇಡ. ಫೋನ್ ಮಾಡಿದರೆ ನಿನ್ನ ಅಣ್ಣ ಅಶೋಕ ತೆಗೆದು "ಅವಳು ಮಲಗಿದ್ದಾಳೆ" ಎಂದು ಇಡುತ್ತಾನೆ. ಮಧ್ಯಾಹ್ನವೂ ಮಲಗಿದ್ದಾಳೆ, ಸಂಜೆಯೂ ಮಲಗಿದ್ದಾಳೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅಂಗಳದಲ್ಲಿ ಅವನ ತಂಗಿಗೆ ಆದದ್ದನ್ನು ಅವನು ಕಣ್ಣಾರೆ ನೋಡಿದ್ದಾನೆ. ಹಿಂದಿನ ವಾರ ಪತ್ರಕ್ಕೆ ಕುಳಿತಾಗ ಕೈ ತಾನಾಗಿ ‘ಚಿ. ಸೌ.’ ಎಂದು ಬರೆಯಿತು. ಆ ‘ಸೌ’ವನ್ನು ಹೊಡೆದು ಹಾಕಲು ನನ್ನಿಂದಾಗಲಿಲ್ಲ. ಹಾಳೆಯನ್ನೇ ಒಲೆಗೆ ಹಾಕಿದೆ.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಮೊದಲಿನಿಂದ ಹೇಳದಿದ್ದರೆ ನನಗೆ ಮುಂದಿನದು ಬರುವುದಿಲ್ಲ. ಈ ಮನೆಯಲ್ಲಿ ಗಂಡಸರು ಹೊರಗೆ ಹೊರಟಾಗ ಬಿರುಗಾಳಿ, ಸುಳಿಗಾಳಿ, ಸಿಡಿಲು ಎಂದು ಯಾರೂ ಬಾಯಿಬಿಟ್ಟು ಹೇಳುವ ಕ್ರಮವಿಲ್ಲ. ‘ಘಟ್ಟದವರು ಹೊರಟಿದ್ದಾರೆ’ ಎನ್ನಬೇಕು. ನಾನು ಮದುವೆಯಾಗಿ ಬಂದ ವರ್ಷ ಗೊತ್ತಿಲ್ಲದೆ ಸಿಡಿಲು ಎಂದುಬಿಟ್ಟೆ. ನನ್ನ ಅತ್ತೆ ಸೌಟು ಹಿಡಿದು ಅಂಗಳದವರೆಗೆ ಅಟ್ಟಿಸಿಕೊಂಡು ಬಂದಿದ್ದರು. ಈಗ ಮೊಬೈಲಿನಲ್ಲಿ ಬರುವ ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಮಾತ್ರ ಎಷ್ಟು ಹೇಳಿದರೂ ಅಡ್ಡಿಯಿಲ್ಲ, ಅದು ಸರಕಾರದ ಮಾತು. ನನ್ನ ಮಗ ಜಿತೇಶ ಹೇಳುತ್ತಿದ್ದದ್ದು ನೆನಪುಂಟಲ್ಲ? "ರೆಡ್ ಅಲರ್ಟ್ ಅಂದ್ರೆ ಬಟ್ಟೆ ಒಣಗಿಸುವ ದಿನ, ಶಾಲೆಗೆ ರಜೆ ಕೊಟ್ಟ ಕೂಡ್ಲೇ ಬಿಸಿಲು."

ಮಳೆಗಾಲದ ಆಟಿ ತಿಂಗಳ ಆ ಬೆಳಿಗ್ಗೆ ಮರಕ್ಕೆ ಕಟ್ಟಿದ ಗೆರಟೆಗಳಲ್ಲಿ ರಬ್ಬರ್ ಹಾಲು ಅರ್ಧ ತುಂಬಿತ್ತು. ಮಳೆನೀರು ಸೇರುವ ಮೊದಲು ಎತ್ತಿ ತರುತ್ತೇನೆಂದು ಅವನು ಬಾಲ್ದಿ ಹಿಡಿದ. ನೀನು ಜಗಲಿಯಲ್ಲಿ ನಿಂತು ಸೀದಾ ಹೇಳಿದೆ: "ಸುಳಿಗಾಳಿ ಬರುವ ಹಾಗೆ ಉಂಟು. ರಬ್ಬರ್ ಮರ ನಡುವಿಗೇ ಮುರೀತದೆ. ಹಾಲು ಹೋದ್ರೆ ಹೋಗ್ಲಿ, ನೀವು ಹೋಗ್ಬೇಡಿ."

ಮಾವ ತಾಂಬೂಲ ಉಗಿದು ಎದ್ದರು. "ಹೊರಟವನ ಮುಖಕ್ಕೇ ಅದರ ಹೆಸರು ಹೇಳ್ತೀಯಾ ನೀನು?"

ಜಿತೇಶನಿಗೆ ನಗು. "ಹೆಸರು ಹೇಳಿದ್ರೆ ಬರುದಾದ್ರೆ ಒಮ್ಮೆ ಲಾಟ್ರಿ ಅಂತ ಹೇಳು ಮಾರಾಯ್ತಿ." ಹೀಗೆ ಹೇಳಿ ಅವನು ಬಾಲ್ದಿ ಕೆಳಗಿಟ್ಟಿದ್ದ. ನಾನು ನೋಡಿದ್ದೇನೆ, ಇಟ್ಟಿದ್ದ. ನೀನು ಹೇಳಿದ್ದಕ್ಕೆ ನಿಂತಿದ್ದ.

ಆಗ ಮಾವ ಹೇಳಿದರು: "ಹೆಸರು ಎತ್ತಿದ ಮೇಲೆ ಹೊರಟವ ನಿಲ್ಲಬಾರ್ದು. ನಿಂತ್ರೆ ಅದು ಮನೆಗೇ ಹುಡುಕಿಕೊಂಡು ಬರ್ತದೆ, ಮಗುವುಂಟು ಒಳಗೆ. ಹೋಗಿ ಬಾ."

ತೃಷಾಳ ಮಾತು ಬಂದದ್ದಕ್ಕೆ ಅವನು ಹೋದ. ಮತ್ತಿನದು ನಿನಗೂ ಗೊತ್ತು, ನನಗೂ ಗೊತ್ತು. ಗುಡ್ಡೆಯ ಮೇಲೆ ಒಂದು ಸಾಲು ಮರ ಒಟ್ಟಿಗೆ ಮುರಿದ ಶಬ್ದ ಇನ್ನೂ ನನ್ನ ಕಿವಿಯಲ್ಲಿ ಉಂಟು.

ಬೊಜ್ಜದ ದಿನ, ಅವನ ಉತ್ತರಕ್ರಿಯೆಗೆ ಬಂದ ನೆಂಟರೆಲ್ಲರ ಎದುರು ಮಾವ "ಆ ಬಾಯಿ ಇನ್ನು ಈ ಅಂಗಳಕ್ಕೆ ಬೇಡ" ಎಂದರು. ಅಶೋಕ ನಿನ್ನನ್ನೂ ಮಗುವನ್ನೂ ಮೂಡಬಿದ್ರೆಗೆ ಕರೆದುಕೊಂಡು ಹೋದ.

ಈಗ ಹೊಸ ವಿಷಯ ಹೇಳುತ್ತೇನೆ. ಹೋದ ಶುಕ್ರವಾರ ನಮ್ಮ ರಬ್ಬರ್ ಶೀಟು ಕೊಳ್ಳುವ ಇಬ್ರಾಹಿಂ ಬಂದಿದ್ದರು. ಅವರ ಪಿಕಪ್ಪಿನಲ್ಲೇ ಅಲ್ಲವೇ ಜಿತೇಶನನ್ನು ಆಸ್ಪತ್ರೆಗೆ ಹೊತ್ತದ್ದು. ತೂಕ ಮಾಡಿ ಆಯಿತು, ಚಹಾ ಕುಡಿದು ಆಯಿತು, ಮನುಷ್ಯ ಏಳುವುದಿಲ್ಲ. ಕಡೆಗೆ ಹೇಳಿದರು: "ನೀಲಾವತಿಯಕ್ಕ, ಒಂದು ಮಾತು ನನ್ನ ಹತ್ರ ಉಳಿದಿದೆ. ಜಿತೇಶ ದಾರಿಯಲ್ಲಿ ಹೇಳಿದ್ದ, ಅವಳು ಹೇಳಿದ್ದು ಸರಿ ಇತ್ತು, ನಾನು ನಿಲ್ಬೇಕಿತ್ತು, ಮನೆಯಲ್ಲಿ ಅವಳಿಗೆ ಯಾರೂ ಒಂದು ಮಾತು ಹೇಳದ ಹಾಗೆ ನೋಡಿಕೊಳ್ಳಿ ಅಂತ."

ಮಾವ ಶೀಟು ಒಣಗಿಸುವ ಹೊಗೆಗೂಡಿನ ಬಾಗಿಲಲ್ಲಿ ನಿಂತಿದ್ದರು. "ಇಷ್ಟು ದಿನ ಬಾಯಲ್ಲಿ ಏನು ಇಟ್ಟುಕೊಂಡಿದ್ದೆ ನೀನು?" ಎಂದು ಕೇಳಿದರು.

"ನೀವು ಉರಿಯುತ್ತಿದ್ರಿ ರುಕ್ಮಯ್ಯಣ್ಣ. ಆಗ ಹೇಳಿದ್ರೆ, ಬ್ಯಾರಿ ನಮ್ಮ ಮನೆಯ ಒಳಗಿನ ವಿಷಯಕ್ಕೆ ಬಂದ ಅಂತ ಆಗ್ತಿತ್ತು. ಈಗಿನ ಕಾಲ ನಿಮಗೆ ಗೊತ್ತುಂಟಲ್ಲ."

ಅಂದಿನಿಂದ ಮಾವನ ಅವಸ್ಥೆ ನೋಡಲಾಗುವುದಿಲ್ಲ. ಮಧ್ಯಾಹ್ನ ಕಳೆದು ಚಾರ್ಮಾಡಿ ಕಡೆ ಕಪ್ಪಾದ ಕೂಡಲೇ ಅಂಗಳದ ನಡುವೆ ಹೋಗಿ ನಿಲ್ಲುತ್ತಾರೆ. ಸುಳಿಗಾಳಿ ಬಾ, ಬಿರುಗಾಳಿ ಬಾ, ಸಿಡಿಲೇ ಬಾ ಎಂದು ಒಂದೊಂದೇ ಹೆಸರು ಹಿಡಿದು ಕರೆಯುತ್ತಾರೆ. ಮಳೆ ಬಿದ್ದರೂ ಒಳಗೆ ಬರುವುದಿಲ್ಲ. ನಿನ್ನೆ ಕೈಹಿಡಿದು ಎಳೆದೆ. "ಅವಳು ಒಮ್ಮೆ ಹೇಳಿದ್ದಕ್ಕೆ ಬಂತಲ್ಲ? ನಾನು ಇಷ್ಟು ಸಲ ಹೇಳಿದೆ, ಬರಲಿ ನೋಡುವ" ಎಂದರು. ಬರೀ ಮಳೆ ಬಂದು ಹೋಯಿತು. ಅವರು ಮಗುವಿನ ಹಾಗೆ ಅತ್ತರು.

ಈ ವರ್ಷ ನಮಗೆ ದೀಪಾವಳಿ ಇಲ್ಲ, ಆದರೆ ಹಬ್ಬದ ದಿನ ಹೋದವನಿಗೆ ಎಲೆ ಹಾಕಿ ಬಡಿಸದೆ ಇರಲಾಗದು. ಬಡಿಸಲು ತನ್ನ ತಂಗಿಯನ್ನು ಕರೆಸುತ್ತೇನೆಂದು ಮಾವ ಮೊದಲು ಹೇಳಿದ್ದರು. "ಸುಪ್ರೀತಾ ಬಡಿಸದಿದ್ದರೆ ನಾನು ಅನ್ನವನ್ನೇ ಬೇಯಿಸುವುದಿಲ್ಲ" ಎಂದು ನಿನ್ನೆ ನಾನು ಹೇಳಿದೆ. "ಕರಿ ಅಂತ ನಾನು ಹೇಳುದಿಲ್ಲ. ಬೇಡ ಅಂತ್ಲೂ ಹೇಳುದಿಲ್ಲ" ಎಂದರು. ಅವರಿಂದ ಅಷ್ಟೇ ಬರುವುದು. ಮಿಕ್ಕದ್ದನ್ನು ನಾನು ಕೇಳುತ್ತೇನೆ, ಬಾ. ಇರಲು ಮನಸ್ಸಾಗದಿದ್ದರೆ ಬಡಿಸಿ ಹೋಗು, ತಡೆಯುವುದಿಲ್ಲ. ಅಂದು ಅಂಗಳದಲ್ಲಿ ನಿನಗೆ ಹೇಳಿದ್ದೆಲ್ಲ ಹೇಳಬಾರದ ಮಾತು.

ದೇವರು ನಿನಗೂ ಮಗುವಿಗೂ ಗಟ್ಟಿ ಆಯುಷ್ಯ ಕೊಡಲಿ.

ನಿನ್ನ ಅತ್ತೆ,
ನೀಲಾವತಿ

ಮ.ಬ.: ಆ ಪಿಕಪ್ಪಿನ ಹಿಂದೆ ನಾನೂ ಇದ್ದೆನಲ್ಲ, ಹಾಗಾದರೆ ನನಗೆ ಏಕೆ ಕೇಳಿಸಲಿಲ್ಲ ಎಂದು ನೀನು ಯೋಚಿಸಬಹುದು. ಗಾಡಿಯನ್ನು ಅವರ ಹುಡುಗ ಓಡಿಸುತ್ತಿದ್ದ, ಇಬ್ರಾಹಿಂ ತಲೆ ಹಿಡಿದಿದ್ದರು, ನಾನು ಕಾಲು ಹಿಡಿದಿದ್ದೆ. ದಾರಿಯುದ್ದಕ್ಕೂ ಮಂಜುನಾಥಾ ಮಂಜುನಾಥಾ ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. "ಅಕ್ಕ, ಸ್ವಲ್ಪ ನಿಲ್ಸಿ, ಏನೋ ಹೇಳ್ತಾನೆ" ಎಂದು ಅವರು ಹೇಳಿದ್ದರಂತೆ. ನಿಲ್ಲಿಸಿದರೆ ಜೀವ ಹೋಗುತ್ತದೆಂದು ನಾನು ಇನ್ನೂ ಜೋರು ಮಾಡಿದೆ. ನನ್ನನ್ನು ಕರೆದನಾ ಎಂದು ಶುಕ್ರವಾರ ಕೇಳಿದೆ. ಇಬ್ರಾಹಿಂ ನೆಲ ನೋಡಿದರು. ಎರಡು ಸಲ ಕರೆದನಂತೆ, ಅಮ್ಮಾ ಎಂದು.

ಇದನ್ನು ಮಾವನಿಗೆ ಹೇಳಿಲ್ಲ. ಪೋಸ್ಟಿನವನು ನಮ್ಮ ಗುಡ್ಡೆ ಹತ್ತುವುದಿಲ್ಲ, ಕಾಗದವನ್ನು ಕೆಳಗೆ ಇಬ್ರಾಹಿಂ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ. ನೀನು ಉತ್ತರ ಬರೆದರೆ ಲಕೋಟೆಯ ಮೇಲೆ ನನ್ನ ಹೆಸರು ಬೇಡ, ಮಾವನ ಹೆಸರು ಹಾಕು, ಇಬ್ರಾಹಿಂ ಕೈಯಿಂದ ಅದನ್ನು ಅವರೇ ತೆಗೆದುಕೊಳ್ಳಲಿ. ಹೋಗಿ ತನ್ನಿ ಎಂದು ಅವರಿಗೆ ನಾನೇ ಹೇಳುತ್ತೇನೆ.