ರಟ್ಟಿನ ಮರೆಯ ದಾಳ

ಆರ್ವಿಲ್,

ನೀನು ಉರುಳಿಸುವ ದಾಳ ನಮಗೆ ಕಾಣದಂತೆ ಅಡ್ಡ ಇಡುತ್ತಿದ್ದ ರಟ್ಟಿನ ಮರೆಯನ್ನು ನಿನ್ನೆ ಮೇಜಿನಿಂದ ತೆಗೆದುಬಿಟ್ಟೆ. ನೀನು ಹೋದ ಮೇಲೆ ಮಿಲ್ವಾಕಿಯ ಇದೇ ನೆಲಮಾಳಿಗೆಯಲ್ಲಿ ನಮ್ಮ ಸಾಹಸದಾಟದ ಕಥೆ ಹೇಳುತ್ತಾ ನಾನೇ ಆಟ ನಡೆಸುತ್ತಿದ್ದೇನೆ. ಹೊಸ ನಿಯಮಗಳ ಪ್ರಕಾರ ಆಟ ನಡೆಸುವವನು ದಾಳ ಮುಟ್ಟುವಂತಿಲ್ಲ. ಆಡುವವರೇ ಎಲ್ಲರೆದುರು ಉರುಳಿಸಬೇಕು.

ನಿನ್ನ ತಂಗಿ ಲೋರ್ನಾ ಆಡುತ್ತಿದ್ದ ಬಿಲ್ಲುಗಾತಿಯ ಪಾತ್ರ ಕಥೆಯಲ್ಲಿ ಮುರಿದ ಸೇತುವೆಯ ತುದಿಗೆ ಬಂದಾಗ ನನ್ನ ಕೈ ಅಭ್ಯಾಸಬಲದಿಂದ ದಾಳಕ್ಕೆ ಹೋಯಿತು. ಲೋರ್ನಾ ಫಟ್ಟನೆ ಹೊಡೆದಳು.

“ಕೈ ತೆಗಿಯೋ, ದೇವ್ರೇ! ನಿನ್ ಕಾಲ ಮುಗೀತು. ಹಾರಕ್ಕಾಗ್ದಿದ್ರೆ ಏನಾಗುತ್ತೆ, ಅದನ್ನ ಮೊದ್ಲು ಹೇಳು.”

“ಸಾಯ್ತೀಯ.”

“ಸರಿ, ಹಾರ್ತೀನಿ.”

ಅವಳು ಉರುಳಿಸಿದ ಇಪ್ಪತ್ತು ಮುಖದ ದಾಳದಲ್ಲಿ ಹತ್ತಾದರೂ ಬೀಳಬೇಕಿತ್ತು; ಎರಡು ಬಿತ್ತು. ಎಲ್ಲರೂ ದಾಳವನ್ನು ನೋಡಿದರು. ನನ್ನ ಮುಖವನ್ನು ಯಾರೂ ನೋಡಲಿಲ್ಲ.

“ನಾನೇ ಆರಿಸ್ಕೊಂಡ ಸಾವು ಕಣ್ರೋ,” ಎಂದು ನಕ್ಕ ಲೋರ್ನಾ ಪ್ರೆಟ್ಸೆಲ್ ಕಡಿಯುತ್ತಾ ಹೊಸ ಪಾತ್ರ ಕಟ್ಟಲು ಕೂತಳು. ನನಗೆ ಹೆಗಲ ಹೊರೆ ಇಳಿದಂತಾಯಿತು. ಯಾರು ಬದುಕಬೇಕೆಂದು ಇನ್ನು ಮುಂದೆ ನಾನು ತೀರ್ಮಾನಿಸಬೇಕಿಲ್ಲವಲ್ಲ!

ಅದೇ ಸೇತುವೆಯಿಂದ ನನ್ನ ಯೋಧ ಹಾರಿದ ದಿನ ನೀನು ಮರೆಯ ಹಿಂದೆ ಬಗ್ಗಿ ನೋಡಿ, “ಬದುಕ್ಕೊಂಡೆ ಹೋಗಪ್ಪ” ಅಂದಿದ್ದೆ. ಎಷ್ಟು ಬಿತ್ತೆಂದು ನಾನು ಕೇಳುವ ಮೊದಲೇ ನೀನು ದಾಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದೆ.